ವಾಟರ್ ಪಂಪಿನ ಹೊಟ್ಟೆಯಲ್ಲೊಂದು ತೂತು

ಎಂಜಿನ್ ತಣ್ಣಗಿಡುವ ದ್ರವವನ್ನು, ಅಂದರೆ ಕೂಲೆಂಟನ್ನು, ಸುತ್ತಿಸುವ ಕಾರಿನ ವಾಟರ್ ಪಂಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ, ಪುಲ್ಲಿ ಕೂರುವ ಜಾಗದ ಹಿಂದೆ, ಕೆಳಮುಖವಾಗಿ ಬೆಂಕಿಕಡ್ಡಿ ತೂರುವಷ್ಟು ಸಣ್ಣದೊಂದು ತೂತು ಕಾಣುತ್ತದೆ. ಗ್ಯಾರೇಜಿನಲ್ಲಿ ಅದಕ್ಕೆ ವೀಪ್ ಹೋಲ್ ಅಂತಾರೆ. ಅಲ್ಲಿಂದ ಕೂಲೆಂಟ್ ತೊಟ್ಟಿಕ್ಕುವುದನ್ನು ಮೊದಲ ಸಲ ಕಂಡವರಿಗೆ ಬರುವ ಯೋಚನೆ ಒಂದೇ: ಸೋರುತ್ತಿರುವುದು ಇಲ್ಲೇ ತಾನೆ, ಸ್ವಲ್ಪ ಎಂ-ಸೀಲ್ ಮೆತ್ತಿಬಿಟ್ಟರೆ ಆಯಿತು.

ಹಾಗೆ ಮೆತ್ತಿದ ಪಂಪು ಬೇಗ ಸಾಯುತ್ತದೆ. ಪಂಪಿನ ಒಂದು ತುದಿಯಲ್ಲಿ ಬೆಲ್ಟು ಎಳೆಯುವ ಪುಲ್ಲಿ, ಇನ್ನೊಂದು ತುದಿಯಲ್ಲಿ ನೀರಿನೊಳಗೆ ತಿರುಗುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್. ನಡುವಿನ ದಂಡವನ್ನು ಹಿಡಿದಿರುವುದು ಗ್ರೀಸ್ ತುಂಬಿ ಮುಚ್ಚಿದ ಬೇರಿಂಗ್. ನೀರು ಬೇರಿಂಗಿನ ಕಡೆ ಬಾರದಂತೆ ಕಾಯಲು ಸೀಲ್ ಒಂದಿದೆ. ಇಂಗಾಲದ ಬಳೆಯೊಂದೂ ಸೆರಾಮಿಕ್ ಬಳೆಯೊಂದೂ ಸ್ಪ್ರಿಂಗಿನ ಒತ್ತಡದಲ್ಲಿ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ, ಅಷ್ಟೆ. ಈ ಸೀಲು ಒಂದಲ್ಲ ಒಂದು ದಿನ ಸವೆಯುತ್ತದೆ ಎಂದು ಪಂಪು ಮಾಡಿದವರಿಗೆ ಗೊತ್ತು. ಸವೆದಾಗ ನುಸುಳಿದ ನೀರು ಬೇರಿಂಗಿಗೆ ಹೋಗದೆ ಹೊರಗೆ ಬೀಳಲಿ, ಮಾಲೀಕನ ಕಣ್ಣಿಗೂ ಕಾಣಲಿ ಎಂದೇ ಸೀಲಿಗೂ ಬೇರಿಂಗಿಗೂ ನಡುವೆ ಆ ತೂತು. ಅದನ್ನು ಮುಚ್ಚಿದರೆ ನೀರು ಗ್ರೀಸನ್ನು ತೊಳೆದುಹಾಕುತ್ತದೆ, ಬೇರಿಂಗ್ ಗರಗರ ಎನ್ನುತ್ತದೆ, ಕೊನೆಗೆ ದಂಡವೇ ಅಲ್ಲಾಡಿ ಬೆಲ್ಟು ಕಳಚಿಕೊಳ್ಳುತ್ತದೆ. ಅದು ಶಿರಾಡಿ ಘಾಟಿಯ ನಡುವೆಯೇ ಆಗಬಹುದು.

ಪಂಪಿನ ಮೇಲೆ ಅನುಮಾನ ಬಂದ ಕೂಡಲೇ ಹೊಸದನ್ನು ತರಲು ಓಡಬೇಡಿ. ರಾತ್ರಿ ಕಾರು ನಿಲ್ಲಿಸಿದಾಗ ಎಂಜಿನ್ನಿನ ಅಡಿಗೆ ದೊಡ್ಡ ರಟ್ಟು ಹಾಸಿ. ಬೆಳಗ್ಗೆ ಅದರ ಮೇಲಿನ ಕಲೆ ಎಲ್ಲಿದೆ, ಯಾವ ಬಣ್ಣದ್ದು ನೋಡಿ. ಎಸಿಯ ನೀರು ಬಣ್ಣವಿಲ್ಲದ್ದು, ಬೀಳುವುದು ಡ್ಯಾಶ್‌ಬೋರ್ಡಿನ ನೇರ ಕೆಳಗೆ. ಕೂಲೆಂಟ್ ಸಾಮಾನ್ಯವಾಗಿ ಹಸಿರೋ ಕೆಂಪೋ ಇರುತ್ತದೆ, ಮುಟ್ಟಿದರೆ ಬೆರಳಿಗೆ ಜಿಡ್ಡುಜಿಡ್ಡಾಗಿ ಅಂಟುತ್ತದೆ. ಕಲೆ ಬೆಲ್ಟಿನ ಬದಿಯಲ್ಲಿದ್ದರೆ ಟಾರ್ಚ್ ಹಿಡಿದು ಪಂಪಿನ ಅಡಿಭಾಗ ನೋಡಿ. ವೀಪ್ ಹೋಲಿನಿಂದ ಕೆಳಕ್ಕೆ ಒಣಗಿದ ಬಿಳಿ ಅಥವಾ ಹಸಿರು ಪೊರೆಯ ಗೆರೆ ಇದ್ದರೆ ಅಪರಾಧಿ ಸಿಕ್ಕಂತೆ. ಗೆರೆ ಪಂಪಿಗಿಂತ ಮೇಲಿನಿಂದ ಇಳಿದಿದ್ದರೆ ಮಾತು ಬೇರೆ. ಮೇಲಿನ ಹೋಸ್ ಪೈಪಿನ ಕ್ಲಿಪ್ ಸಡಿಲವಾಗಿಯೋ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ನೀರಿಗೆ ರೇಡಿಯೇಟರಿನ ದಾರಿ ಬಿಡುವ ಕವಾಟ) ಮುಚ್ಚಳದ ಪ್ಯಾಕಿಂಗ್ ಹೋಗಿಯೋ ಸೋರಿದ್ದು ಪಂಪಿನ ಮೇಲೆ ಹರಿದು, ಪಾಪ, ಪಂಪಿಗೆ ಕೆಟ್ಟ ಹೆಸರು ತಂದಿರುತ್ತದೆ.

ಬೇರಿಂಗಿನ ಪರೀಕ್ಷೆ ಇನ್ನೂ ಸುಲಭ. ಎಂಜಿನ್ ಆಫ್ ಮಾಡಿ ಪುಲ್ಲಿಯನ್ನು ಎರಡು ಅಂಚಿನಲ್ಲಿ ಹಿಡಿದು ಹಿಂದೆಮುಂದೆ ಅಲ್ಲಾಡಿಸಿ. ಬೆಲ್ಟು ಕಳಚಿ ನೋಡಿದರೆ ಇನ್ನೂ ಖಚಿತ. ಕೂದಲೆಳೆಯಷ್ಟು ಆಟ ಕಂಡರೂ ಬೇರಿಂಗ್ ಹೋಗಿದೆ. ಬಿಸಿ ಏರುವ ರೀತಿಯೂ ಸುಳಿವು ಕೊಡುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಏರಿ, ಓಡತೊಡಗಿದ ಮೇಲೆ ಇಳಿದರೆ ಮೊದಲು ರೇಡಿಯೇಟರ್ ಫ್ಯಾನು, ಅದರ ಸ್ವಿಚ್ಚು, ರಿಲೇ ನೋಡಬೇಕು. ಘಾಟಿ ಏರುವಾಗ, ಎರಡನೇ ಗೇರಿನಲ್ಲಿ ಎಂಜಿನ್ ಹೆಣಗುವಾಗ ಏರಿದರೆ ಪಂಪೋ ಕಟ್ಟಿಕೊಂಡ ರೇಡಿಯೇಟರೋ ಕಾರಣವಿರಬಹುದು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರಿನ ಬಾಯಲ್ಲಿ ಬಿಡದೆ ಗುಳ್ಳೆ ಬಂದರೆ, ಅಥವಾ ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂಥ ನೊರೆ ಕಂಡರೆ, ಪಂಪನ್ನು ಸದ್ಯಕ್ಕೆ ಮರೆತುಬಿಡಿ. ಅದು ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್ಟಿನ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪ್ಯಾಕಿಂಗಿನ) ಕತೆ, ಮನೆಯಂಗಳದಲ್ಲಿ ಮುಗಿಯುವುದಲ್ಲ.

ಇನ್ನು ಈ ಕೆಲಸ ಮನೆಯಲ್ಲಿ ಆಗುತ್ತದೆಯೇ? ಪಂಪು ಎಲ್ಲಿ ಕೂತಿದೆ ಎನ್ನುವುದರ ಮೇಲೆ ಉತ್ತರ ನಿಂತಿದೆ. ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಟೈಮಿಂಗ್‌ಗೆ (ಪಿಸ್ಟನ್ನಿನ ತಾಳಕ್ಕೆ ವಾಲ್ವ್ ತೆರೆದು ಮುಚ್ಚಿಸುವ ಕೆಲಸಕ್ಕೆ) ಚೈನ್ ಇದೆ, ಪಂಪನ್ನು ಹೊರಗಿನ ಬೆಲ್ಟು, ಅಂದರೆ ಫ್ಯಾನ್ ಬೆಲ್ಟು, ತಿರುಗಿಸುತ್ತದೆ. ಬೆಲ್ಟು ಸಡಿಲಿಸಿ, ಪುಲ್ಲಿ ಬಿಚ್ಚಿ, ಪಂಪಿನ ಬೋಲ್ಟುಗಳಿಗೆ ಕೈ ಹಾಕಬಹುದು. ತಾಳ್ಮೆಯಿದ್ದರೆ ಅರ್ಧ ದಿನದ ಕೆಲಸ. ಮಾರುತಿ 800, ಓಮ್ನಿ, ಹಳೆಯ ಜೆನ್ ಥರದ ಗಾಡಿಗಳದು ಬೇರೆ ಲೆಕ್ಕ. ಅಲ್ಲಿ ಪಂಪನ್ನು ತಿರುಗಿಸುವುದು ಫ್ಯಾನ್ ಬೆಲ್ಟೇ ಆದರೂ ಪಂಪಿನ ಒಡಲು ಟೈಮಿಂಗ್ ಬೆಲ್ಟಿನ ಹಿಂದೆ ಅಡಗಿರುವುದರಿಂದ ಅದನ್ನೂ ಕಳಚಬೇಕು. ಟೈಮಿಂಗ್ ಬೆಲ್ಟೇ ನೇರವಾಗಿ ಪಂಪನ್ನು ತಿರುಗಿಸುವ ಎಂಜಿನ್ನುಗಳೂ ಇವೆ. ಇವೆರಡು ಬಗೆಗೆ ಇಡೀ ದಿನ ಎತ್ತಿಡಿ. ಮರುದಿನ ಬೆಳಗ್ಗೆ ಅದೇ ಕಾರಿನಲ್ಲಿ ಆಫೀಸಿಗೆ ಹೋಗಬೇಕಿದ್ದರೆ ಶುರುವನ್ನೇ ಮಾಡಬೇಡಿ. ಅವಸರದಲ್ಲಿ ಕೆಡುವುದೆಲ್ಲ ಕೊನೆಯ ಎರಡು ಗಂಟೆಯಲ್ಲೇ ಕೆಡುತ್ತದೆ.

ಸಾಮಾನು ತರುವಾಗ ಪಂಪೊಂದನ್ನೇ ತರುವುದು ಕಂಜೂಸಿತನ, ಅದೂ ದುಬಾರಿಯ ಕಂಜೂಸಿತನ. ಟೈಮಿಂಗ್ ಬೆಲ್ಟು ಬಿಚ್ಚಬೇಕಾದ ಗಾಡಿಯಾದರೆ ಬೆಲ್ಟನ್ನೂ ಅದನ್ನು ಬಿಗಿಯಾಗಿಡುವ ಟೆನ್ಷನರ್ ಬೇರಿಂಗನ್ನೂ ಹೊಸದೇ ಹಾಕಿ. ಮತ್ತೆ ಅಲ್ಲಿಗೆ ಕೈ ಹೋಗಬೇಕಾದರೆ ಇದೇ ರಾಮಾಯಣ ಇನ್ನೊಮ್ಮೆ. ಜತೆಗೆ ಫ್ಯಾನ್ ಬೆಲ್ಟು, ಪಂಪಿನ ಪ್ಯಾಕಿಂಗ್, ಥರ್ಮೋಸ್ಟಾಟ್ ಮತ್ತು ಅದರ ಪ್ಯಾಕಿಂಗ್, ಗಟ್ಟಿಯಾಗಿಯೋ ಉಬ್ಬಿಯೋ ಇದ್ದರೆ ಕೆಳಗಿನ ಹೋಸ್ ಪೈಪು, ಎರಡು ಹೊಸ ಕ್ಲಿಪ್ಪು. ಸಣ್ಣ ಕಾರುಗಳ ವ್ಯವಸ್ಥೆ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕೂವರೆ ಲೀಟರ್ ಹಿಡಿಯುತ್ತದೆ, ಖಚಿತ ಅಳತೆ ಗಾಡಿಯ ಪುಸ್ತಕದಲ್ಲಿದೆ. ಕೂಲೆಂಟ್ ಡಬ್ಬದ ಮೇಲೆ ಬರೆದದ್ದನ್ನು ಕನ್ನಡಕ ಹಾಕಿಕೊಂಡು ಓದಿ. ನೇರವಾಗಿ ಸುರಿಯುವ ಬಗೆಯೋ, ನೀರು ಬೆರೆಸಬೇಕಾದ ಬಗೆಯೋ? ಮೊದಲೇ ಬೆರೆಸಿ ಬಂದದ್ದಕ್ಕೆ ಮತ್ತೆ ಅರ್ಧ ನೀರು ಸೇರಿಸುವ ತಪ್ಪು ಬಹಳ ಕಡೆ ನಡೆಯುತ್ತದೆ.

ಆ ನೀರಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಬಹುತೇಕ ಪಂಪುಗಳನ್ನು ಕೊಲ್ಲುವುದು ಅದೇ. ಬೆಂಗಳೂರು, ಕೋಲಾರದ ಬೋರ್‌ವೆಲ್ ನೀರು ಅಡುಗೆಮನೆಯ ಪಾತ್ರೆಗೆ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಪದರ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಅದರ ಹರಳು ಸೀಲಿನ ನುಣುಪಾದ ಮುಖಕ್ಕೆ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಬರೀ ನೀರಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳೂ ಇರುವುದಿಲ್ಲ. ಕಬ್ಬಿಣದ ಇಂಪೆಲ್ಲರ್ ತುಕ್ಕು ಹಿಡಿದು ರೆಕ್ಕೆ ಸವೆಯುತ್ತದೆ, ಅಲ್ಯೂಮಿನಿಯಂ ಹೊಂಡಹೊಂಡವಾಗುತ್ತದೆ. ಕುದಿಯುವ ಬಿಂದುವಿನದು ಇನ್ನೊಂದು ಲೆಕ್ಕ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಹೆಚ್ಚುಕಮ್ಮಿ 97 ಡಿಗ್ರಿಗೇ ಕುದಿಯುತ್ತದೆ. ಕೂಲೆಂಟಿನ ಮುಖ್ಯ ವಸ್ತುವಾದ ಗ್ಲೈಕಾಲ್ ಅರ್ಧಕ್ಕರ್ಧ ಬೆರೆತರೆ ಕುದಿತ ಕೆಲವು ಡಿಗ್ರಿ ಮೇಲೇರುತ್ತದೆ. ರೇಡಿಯೇಟರ್ ಕ್ಯಾಪಿನ ಒತ್ತಡ ಸೇರಿದರೆ 120 ದಾಟುತ್ತದೆ. ಹಾಗಾಗಿ ‘ನಮ್ಮೂರಲ್ಲಿ ಹಿಮ ಬೀಳಲ್ಲ, ಕೂಲೆಂಟ್ ಯಾಕೆ’ ಎನ್ನುವ ಮಾತಿಗೆ ರಾಯಚೂರಿನ ಏಪ್ರಿಲ್ ತಿಂಗಳೇ ಉತ್ತರ. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಹಸಿರು, ಕೆಂಪು ಎಂದು ಬಣ್ಣ ನೋಡಿ ಎರಡು ಬಗೆ ಬೆರೆಸಬೇಡಿ. ಬಣ್ಣ ಬರೀ ಬಣ್ಣ, ಒಳಗಿನ ರಾಸಾಯನಿಕವೇ ಬೇರೆಯಿರಬಹುದು. ಹೊಂದದ ಜೋಡಿ ಸೇರಿದರೆ ಲೋಳೆಯಂತಾಗಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ.

ಅಂಗಡಿಯಲ್ಲೇ, ಅದು ಬೆಂಗಳೂರಿನ ಜೆಸಿ ರಸ್ತೆಯದಿರಲಿ ನಿಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ್ದಿರಲಿ, ಹೊಸ ಪಂಪನ್ನು ಡಬ್ಬಿಯಿಂದ ತೆಗೆದು ನೋಡಿ. ಹಳೆಯದು ಕೈಯಲ್ಲಿದ್ದರೆ ಪಕ್ಕಪಕ್ಕ ಇಟ್ಟು ಬೋಲ್ಟಿನ ತೂತು, ಪುಲ್ಲಿ ಕೂರುವ ಎತ್ತರ, ಇಂಪೆಲ್ಲರಿನ ಎತ್ತರ, ರೆಕ್ಕೆಗಳ ಬಾಗು ಇಷ್ಟನ್ನೂ ಹೋಲಿಸಿ. ಪುಲ್ಲಿ ಎರಡು ಮಿಲಿಮೀಟರ್ ಮುಂದೆ ಕೂತರೂ ಬೆಲ್ಟು ಓರೆಯಾಗಿ ಓಡಿ ಅಂಚು ಕಿತ್ತುಕೊಳ್ಳುತ್ತದೆ. ದಂಡವನ್ನು ಬೆರಳಲ್ಲಿ ತಿರುಗಿಸಿದರೆ ಸ್ವಲ್ಪ ಬಿಗಿಯಾಗಿ, ಆದರೆ ಒಂದೇ ಹದದಲ್ಲಿ ತಿರುಗಬೇಕು. ಹೊಸ ಸೀಲಿಗೆ ಆ ಬಿಗಿ ಸಹಜ, ತಡೆತಡೆದು ತಿರುಗಿದರೆ ವಾಪಸ್ ಕೊಡಿ.

ಕೆಲಸ ಶುರುವಾಗುವುದು ಕಾಯುವುದರಿಂದ. ಎಂಜಿನ್ ಪೂರ್ತಿ ತಣ್ಣಗಾಗಬೇಕು, ರಾತ್ರಿಯಿಡೀ ನಿಂತಿದ್ದರೆ ಒಳ್ಳೆಯದು. ಬಿಸಿ ರೇಡಿಯೇಟರಿನ ಕ್ಯಾಪ್ ತಿರುಗಿಸಿದರೆ ಒತ್ತಡ ಒಮ್ಮೆಗೇ ಇಳಿದು, ಅಲ್ಲಿಯತನಕ ಸುಮ್ಮನಿದ್ದ ನೀರು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಹಿಡಿದು ಬಿಚ್ಚಿದರೂ ಸುಡುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಚಕ್ರ ಬಿಚ್ಚಬೇಕಿದ್ದರೆ ಬರೀ ಜಾಕಿಯ ಮೇಲೆ ಗಾಡಿ ನಿಲ್ಲಿಸಬೇಡಿ. ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಕಲ್ಲಿಟ್ಟು, ಕಳಚಿದ ಚಕ್ರವನ್ನೂ ಗಾಡಿಯ ಅಡಿಗೇ ಮಲಗಿಸಿ.

ಕೂಲೆಂಟ್ ಬಸಿಯಲು ಅಗಲವಾದ ಬೇಸಿನ್ ಇಡಿ. ರೇಡಿಯೇಟರಿನ ಕೆಳಗಿನ ಪ್ಲಾಸ್ಟಿಕ್ ಡ್ರೈನ್ ತಿರುಪು ಹಳೆಯದಾಗಿದ್ದರೆ ಮುರಿಯುವುದೇ ಹೆಚ್ಚು. ಅನುಮಾನವಿದ್ದರೆ ಅದನ್ನು ಮುಟ್ಟದೆ ಕೆಳಗಿನ ಹೋಸ್ ಪೈಪನ್ನೇ ಎಳೆಯಿರಿ. ಬಂದ ದ್ರವವನ್ನು ಅಳೆದು ಬರೆದಿಡಿ, ಈ ಅಂಕಿ ಆಮೇಲೆ ಬೇಕು. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ, ಬೆಕ್ಕು, ದನ ನೆಕ್ಕುತ್ತವೆ. ಸ್ವಲ್ಪವೇ ಸಾಕು ಪ್ರಾಣ ತೆಗೆಯಲು. ಚರಂಡಿಗೆ ಚೆಲ್ಲದೆ ಕ್ಯಾನಿಗೆ ತುಂಬಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಇದನ್ನೂ ಬೇರೆ ಡಬ್ಬದಲ್ಲಿ ತೆಗೆದುಕೊಳ್ಳುತ್ತಾರೆಯೇ ಕೇಳಿ.

ಪಂಪಿನ ಪುಲ್ಲಿಯ ಬೋಲ್ಟುಗಳನ್ನು ಬೆಲ್ಟು ಇನ್ನೂ ಬಿಗಿಯಾಗಿರುವಾಗಲೇ ಒಂದು ಸುತ್ತು ಸಡಿಲಿಸಿಕೊಳ್ಳಿ. ಬೆಲ್ಟು ತೆಗೆದ ಮೇಲೆ ಪುಲ್ಲಿ ಸುಮ್ಮನೆ ಗಿರಗಿರ ತಿರುಗುತ್ತದೆ, ಹಿಡಿಯಲು ಮೂರನೇ ಕೈ ಬೇಕಾಗುತ್ತದೆ. ಆಮೇಲೆ ಡೈನಮೋದ ಬೋಲ್ಟು ಸಡಿಲಿಸಿ ಬೆಲ್ಟು ಕಳಚಿ. ಬಿಚ್ಚಿದ ಬೋಲ್ಟುಗಳನ್ನು ಒಂದೇ ತಟ್ಟೆಗೆ ಸುರಿಯಬೇಡಿ. ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ಯಾವ ಬೋಲ್ಟು ಎಲ್ಲಿಂದ ಬಂತೋ ಅಲ್ಲಿಯೇ ಚುಚ್ಚಿಡಿ. ಪಂಪಿನ ಬೋಲ್ಟುಗಳ ಉದ್ದ ಒಂದೇ ಇರಬೇಕೆಂದಿಲ್ಲ. ಉದ್ದದ್ದನ್ನು ಗಿಡ್ಡದರ ತೂತಿಗೆ ಹಾಕಿ ತಿರುಗಿಸಿದರೆ ತಳಕ್ಕೆ ಒತ್ತಿ ಬ್ಲಾಕಿಗೇ ಬಿರುಕು ಬರಬಹುದು.

ಟೈಮಿಂಗ್ ಬೆಲ್ಟು ಬಿಚ್ಚುವ ಗಾಡಿಗಳಲ್ಲಿ ಉಸಿರು ಬಿಗಿಹಿಡಿಯುವ ಜಾಗ ಇದು. ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ದಂಡದ) ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ ಗುರುತುಗಳನ್ನು ಕೂಡಿಸಿ. ಸುಜುಕಿ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಗೇರಿನ ಗುರುತು ಹಿಂಬದಿಯ ಕವರಿನ ಗುರುತಿಗೂ, ಕ್ರ್ಯಾಂಕ್ ಗೇರಿನ ಚುಕ್ಕೆ ಆಯಿಲ್ ಪಂಪಿನ ಮೈಮೇಲಿನ ಬಾಣಕ್ಕೂ ನೇರವಾಗಬೇಕು. ಅದರ ಮೇಲೆ ಬಿಳಿ ನೇಲ್ ಪಾಲಿಶ್‌ನಿಂದ ನಿಮ್ಮದೇ ಗುರುತೂ ಹಾಕಿಕೊಳ್ಳಿ, ಫೋಟೋ ತೆಗೆಯಿರಿ. ಬೆಲ್ಟು ತೆಗೆದ ಮೇಲೆ ಕ್ಯಾಮನ್ನಾಗಲಿ ಕ್ರ್ಯಾಂಕನ್ನಾಗಲಿ ಒಂಟಿಯಾಗಿ ತಿರುಗಿಸಕೂಡದು. ಕೆಲವು ಎಂಜಿನ್ನುಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗುತ್ತದೆ. ನಿಮ್ಮದು ಆ ಜಾತಿಯೋ ಅಲ್ಲವೋ, ಹೌದು ಎಂದುಕೊಂಡೇ ಕೆಲಸ ಮಾಡಿ.

ಪಂಪಿನ ಬೋಲ್ಟು ತೆಗೆದರೂ ಪಂಪು ಕೈಗೆ ಬರುವುದಿಲ್ಲ, ಹಳೆ ಪ್ಯಾಕಿಂಗ್ ಅಂಟಿಸಿಟ್ಟಿರುತ್ತದೆ. ಮರದ ಹಿಡಿಯಿಂದ ಒಡಲಿಗೆ ಪಕ್ಕದಿಂದ ಮೆಲ್ಲಗೆ ತಟ್ಟಿ. ಸಂದಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಮುಖದಲ್ಲಿ ಗೀರು ಬೀಳುತ್ತದೆ, ಆ ಗೀರು ಆಮೇಲೆ ಸೋರುವ ಕಾಲುವೆ. ಬಿಡಿಸಿಕೊಂಡಾಗ ಒಳಗೆ ಉಳಿದಿದ್ದ ಅರ್ಧ ಮುಕ್ಕಾಲು ಲೀಟರ್ ನೀರು ತೋಳಿನ ಮೇಲೆಯೇ ಇಳಿಯುತ್ತದೆ, ಬೇಸಿನ್ ಅಲ್ಲೇ ಇರಲಿ.

ಇಲ್ಲಿಂದ ಮುಂದೆ ಯಾರೂ ಫೋಟೋ ತೆಗೆಯದ, ಆದರೆ ಇಡೀ ಕೆಲಸ ನಿಂತಿರುವ ಒಂದು ಗಂಟೆ: ಬ್ಲಾಕಿನ ಮುಖ ಕೆರೆಯುವುದು. ನೀರಿನ ತೂತಿಗೆ ಬಟ್ಟೆ ತುರುಕಿ. ಹಳೆ ಪ್ಯಾಕಿಂಗನ್ನು ಗಟ್ಟಿ ಪ್ಲಾಸ್ಟಿಕ್ಕಿನಿಂದ, ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ, ಬಿಡದಿದ್ದರೆ ಬ್ಲೇಡನ್ನು ಮಲಗಿಸಿ ಹಿಡಿದು ಕೆರೆಯಿರಿ. ಡ್ರಿಲ್ಲಿಗೆ ಉಜ್ಜುವ ಬಿಲ್ಲೆ ಹಾಕಿ ಸರ್ರನೆ ಮುಗಿಸುವ ಆಸೆ ಬರುತ್ತದೆ. ಅದರ ಪುಡಿ ಒಳಗೆ ಸೇರುತ್ತದೆ, ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಕಣ್ಣಿಗೆ ಕಾಣದ ತಗ್ಗೂ ಬೀಳುತ್ತದೆ. ಬೆರಳ ಉಗುರು ಎಲ್ಲೂ ತಡೆಯದೆ ಜಾರಬೇಕು, ಅಲ್ಲಿಯವರೆಗೆ ಮುಗಿದಿಲ್ಲ. ಕೊನೆಗೆ ಥಿನ್ನರಿನಲ್ಲಿ ಒರೆಸಿ ಒಣಗಿಸಿ. ಬೋಲ್ಟಿನ ತೂತುಗಳಲ್ಲಿ ನಿಂತ ನೀರನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಿರಿ.

ಹೊಸ ಪ್ಯಾಕಿಂಗ್ ಕಾಗದದ್ದಾದರೆ ಒಣದಾಗಿಯೋ, ಎರಡು ಬದಿಗೂ ತೆಳ್ಳಗೆ ಸೀಲೆಂಟ್ ಸವರಿಯೋ ಕೂರಿಸಬಹುದು. ರಬ್ಬರ್ ಬಳೆಯಿದ್ದರೆ ಸೀಲೆಂಟ್ ಬೇಡವೇ ಬೇಡ, ಸ್ವಲ್ಪ ಕೂಲೆಂಟ್ ಸವರಿದರೆ ಸಾಕು. ಪ್ಯಾಕಿಂಗೇ ಇಲ್ಲದೆ ಸೀಲೆಂಟ್ ಮಾತ್ರ ಕೇಳುವ ಪಂಪಿಗೆ ಸುಮಾರು ಎರಡು ಮಿಲಿಮೀಟರ್ ದಪ್ಪದ ಒಂದೇ ಎಳೆ, ಬೋಲ್ಟಿನ ತೂತುಗಳ ಒಳಮಗ್ಗುಲಿನಿಂದ. ಕೇಕಿಗೆ ಕ್ರೀಮ್ ಹಾಕುವಂತೆ ಬಳಿಯುವುದು ನಮ್ಮಲ್ಲಿ ಒಂದು ಚಾಳಿಯಾಗಿಬಿಟ್ಟಿದೆ. ಹೊರಗೆ ಹಿಂಡಿಕೊಂಡು ಬಂದಷ್ಟೇ ಒಳಗೂ ಹಿಂಡಿಕೊಂಡಿರುತ್ತದೆ. ಒಳಗಿನದು ಕಳಚಿ ರೇಡಿಯೇಟರಿಗೆ ಹೋಗಿ ಕೂರುತ್ತದೆ. ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಹತ್ತಿಸಿ, ಆಮೇಲೆ ಎದುರುಬದುರಾಗಿ ಎರಡು ಸುತ್ತಿನಲ್ಲಿ ಬಿಗಿಯಿರಿ. 10ನೇ ನಂಬರ್ ಸ್ಪ್ಯಾನರ್ ಕೂರುವ 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಒಂದು ಗೇಣಿಗಿಂತ ಗಿಡ್ಡವಾದ, 15 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ ಏಳು ಕಿಲೋ ತೂಕ ನೇತುಹಾಕಿದರೆ ಬೀಳುವಷ್ಟು ಬಲ ಅದು. ಮೈಬಲ ತೋರಿಸಿದರೆ ಅಲ್ಯೂಮಿನಿಯಂ ಮರೆ (ಬೋಲ್ಟು ಕಚ್ಚುವ ಸುತ್ತುಗೆರೆ, ಥ್ರೆಡ್) ಕಿತ್ತುಬರುತ್ತದೆ. ಮರೆ ತುದಿ ನೀರಿನೊಳಗೆ ಇಣುಕುವ ಬೋಲ್ಟಿದ್ದರೆ ಅದಕ್ಕೆ ಥ್ರೆಡ್ ಸೀಲೆಂಟ್ ಹಚ್ಚಿ.

ಟೈಮಿಂಗ್ ಬೆಲ್ಟು ಹಾಕಿದ ಮೇಲೆ ಟೆನ್ಷನರನ್ನು ಅದರ ಸ್ಪ್ರಿಂಗೇ ಎಳೆಯಲು ಬಿಟ್ಟು, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಆಮೇಲೆ ಬಿಗಿಯಿರಿ. ಗುರುತುಗಳು ಮತ್ತೆ ನೇರಕ್ಕೆ ಬಂದವೇ? ಒಂದು ಹಲ್ಲು ತಪ್ಪಿದ್ದರೂ ಬಿಚ್ಚಿ ಹಾಕಿ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ. ಫ್ಯಾನ್ ಬೆಲ್ಟಿನ ಉದ್ದನೆಯ ಹಾದಿಯ ನಡುವೆ ಹೆಬ್ಬೆರಳಿಂದ ಜೋರಾಗಿ ಒತ್ತಿದರೆ ಅಂದಾಜು 6ರಿಂದ 10 ಮಿ.ಮೀ. ತಗ್ಗಬೇಕು. ಕಿರುಚುತ್ತದೆ ಎಂದು ಅತಿ ಬಿಗಿದ ಬೆಲ್ಟು ಹೊಸ ಬೇರಿಂಗನ್ನು ಮೊದಲ ದಿನದಿಂದಲೇ ತಿನ್ನತೊಡಗುತ್ತದೆ.

ಥರ್ಮೋಸ್ಟಾಟನ್ನು ‘ತೆಗೆದುಬಿಡಿ ಸಾರ್, ತಣ್ಣಗಿರುತ್ತೆ’ ಎನ್ನುವ ಸಲಹೆಗೆ ಕಿವಿಗೊಡಬೇಡಿ. ಎಂಜಿನ್ ಸದಾ ಅರೆಬಿಸಿಯಲ್ಲಿ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಸೋತ ಪಂಪಿಗೆ ಅದು ಮದ್ದೂ ಅಲ್ಲ.

ತುಂಬಿಸುವಾಗ ಹೊಲದ ಪಂಪ್‌ಸೆಟ್ಟನ್ನು ನೆನೆಸಿಕೊಳ್ಳಿ. ಪೈಪಿನಲ್ಲಿ ಗಾಳಿಯಿದ್ದರೆ ಮೋಟರ್ ಎಷ್ಟು ತಿರುಗಿದರೂ ನೀರು ಎತ್ತುವುದಿಲ್ಲ, ಮೊದಲು ಕೊಡದಲ್ಲಿ ನೀರು ಹುಯ್ದು ತುಂಬಿಸಬೇಕು. ಕಾರಿನ ಪಂಪೂ ಅದೇ ಜಾತಿಯದು. ಇಂಪೆಲ್ಲರಿನ ನಡುವೆ ಗಾಳಿ ಸಿಕ್ಕಿಕೊಂಡರೆ ಹೊಸ ಪಂಪು ಸುಮ್ಮನೆ ಗಾಳಿ ಕಡೆಯುತ್ತದೆ, ಎಂಜಿನ್ ಕುದಿಯುತ್ತದೆ, ಪಾಪದ ಪಂಪಿಗೆ ಮತ್ತೆ ಬೈಗುಳ. ಗಾಡಿಯ ಮೂತಿಯನ್ನು ಸ್ವಲ್ಪ ಏರಿನ ಕಡೆ ನಿಲ್ಲಿಸಿ, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇರುವ ಗಾಡಿಯಾದರೆ ಅದನ್ನು ಸಡಿಲಿಸಿ. ಸಣ್ಣ ಧಾರೆಯಲ್ಲಿ ಕೂಲೆಂಟ್ ಹುಯ್ಯಿರಿ, ನಡುನಡುವೆ ಹೋಸ್ ಪೈಪುಗಳನ್ನು ಹಿಚುಕಿ ಗುಳ್ಳೆ ಬಿಡಿಸಿ. ಎಂಜಿನ್ ಇನ್ನೂ ತಣ್ಣಗಿರುವಾಗಲೇ, ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಮಟ್ಟ ಇಳಿದಂತೆ ತುಂಬುತ್ತಿರಿ. ಮೇಲಿನ ಹೋಸ್ ಪೈಪು ಇದ್ದಕ್ಕಿದ್ದಂತೆ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ, ಫ್ಯಾನು ಎರಡು ಸಲ ಬಂದು ನಿಲ್ಲುವವರೆಗೆ ಮುಳ್ಳಿನ ಮೇಲೆ ಕಣ್ಣಿಡಿ.

ಈಗ ಬರೆದಿಟ್ಟ ಅಂಕಿ ತೆಗೆಯಿರಿ. ಮೊದಲಿನಿಂದ ಸೋರಿ ಕಡಿಮೆಯಾಗಿದ್ದ ಗಾಡಿಗೆ ಬಸಿದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹಿಡಿಯಬೇಕು. ಬಸಿದದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಹಿಡಿದಿದೆಯೆಂದರೆ ಆ ಅರ್ಧ ಲೀಟರಿನ ಜಾಗದಲ್ಲಿ ಗಾಳಿ ಕೂತಿದೆ. ಮರುದಿನ ಬೆಳಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ಮತ್ತೆ ನೋಡಿ ತುಂಬಿ, ಅಡಿಗೆ ರಟ್ಟು ಹಾಸಿ. ಹೊಸ ಸೀಲು ಪಳಗುವ ತನಕ ವೀಪ್ ಹೋಲಿನಿಂದ ಒಂದೆರಡು ಹನಿ ಬಂದರೆ ಗಾಬರಿ ಬೇಡ, ಮೂರನೇ ದಿನವೂ ಬಂದರೆ ಪಂಪು ವಾಪಸ್.

ಹಳೆಯ ಪಂಪನ್ನು ಗುಜರಿಗೆ ಕೊಡುವ ಮುಂಚೆ ಹಗಲು ಬೆಳಕಿನಲ್ಲಿ ಒಮ್ಮೆ ತಿರುವಿ ನೋಡಿ. ಇಂಪೆಲ್ಲರ್ ಸ್ವಚ್ಛವಾಗಿದ್ದು ಬರೀ ಸೀಲು ಸೋರಿದ್ದರೆ ಅದು ವಯಸ್ಸು. ದಂಡ ಅಲ್ಲಾಡಿ ಸೀಲು ಒಂದೇ ಕಡೆ ಸವೆದಿದ್ದರೆ ಬೆಲ್ಟಿನ ಬಿಗಿಯನ್ನು ಮತ್ತೆ ಪರೀಕ್ಷಿಸಿ. ರೆಕ್ಕೆಗಳೇ ಕರಗಿ ಮೊಂಡಾಗಿ, ಬೆರಳಿಗೆ ಕೆಂಪು ಕೆಸರು ಹತ್ತಿದರೆ ಉದುರಿದ ತುಕ್ಕಿನಲ್ಲಿ ಬಹುಪಾಲು ರೇಡಿಯೇಟರಿನಲ್ಲಿಯೇ ಇದೆ. ಮುಂದಿನ ಭಾನುವಾರ ಅದನ್ನು ಇಳಿಸಿ ತೊಳೆಸುವುದಕ್ಕೆ.